ಪಟ್ಟಿಯ ಕೆಳಗಿನ ಎರಡಕ್ಷರ

"ನಾಲ್ಕನೇ ಹೆಗಲೆಲ್ಲಿ?" ಎಂದು ಶವಪೆಟ್ಟಿಗೆಯ ಮುಂದಿನ ಮೂಲೆ ಹೊತ್ತಿದ್ದ ದರ್ಜಿ ಕೇಳಿದ. ಪೆಟ್ಟಿಗೆ ಮೆಟ್ಟಿಲ ಮೇಲೆ ವಾಲಿತು. ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದ ಮಹಡಿಯ ಗಂಡಸರಲ್ಲಿ ಒಬ್ಬರೂ ಹೊರಬರಲಿಲ್ಲ. ಕೊನೆಗೆ ಸತ್ತವಳ ಅಣ್ಣನ ಮಗಳೇ ಕೋಟಿನ ತೋಳು ಮಡಚಿ ಹೆಗಲು ಕೊಟ್ಟಳು. ಅವಳೇನೂ ಅಳಲು ಬಂದಿರಲಿಲ್ಲ. ನಗರಸಭೆಯ ಕಾಗದಕ್ಕೆ ರಕ್ತಸಂಬಂಧಿಯ ಸಹಿ ಬೇಕಾಗಿತ್ತು.

"ಸತ್ತೋರ ಬಗ್ಗೆ ಕೆಟ್ಟದ್ದು ಆಡಬಾರ್ದು ಅಂತಾರೆ," ಎಂದ ಹಿಂದಿದ್ದ ಕ್ಷೌರಿಕ. "ಹಾಗಾದ್ರೆ ಇವಳ ಬಗ್ಗೆ ಮಾತೇ ಆಡೋ ಹಾಗಿಲ್ಲ."

"ಸುಮ್ನೆ ಹೊರಪ್ಪಾ, ಮಗು ಕೇಳಿಸ್ಕೋತಿದೆ," ಎಂದ ದರ್ಜಿ.

ಮಗುವಿಗೆ ಮೂವತ್ತೈದು ವರ್ಷ. "ಆಡ್ಲಿ ಬಿಡಿ," ಎಂದಳು. "ನಮ್ಮಪ್ಪನ ಹೆಸರು ಟೈಪ್ ಮಾಡಿದ ಕೈ ಇದರೊಳಗಿದೆ. ನನಗೆ ಹೊಸದೇನಿದೆ?"

*

ಪರದೇಶದ ಸೈನ್ಯ ಊರನ್ನು ಆಳುತ್ತಿದ್ದ ಕಾಲದಲ್ಲಿ ಅತ್ತೆ ಅವರ ದಳಪತಿಯ ಕಾರ್ಯದರ್ಶಿಯಾಗಿದ್ದಳು. ಯಾರು ಟೈಪ್ ಮಾಡಿದರೋ ಅವರು ಹಾಳೆಯ ಕೆಳಗೆ ತಮ್ಮ ಹೆಸರಿನ ಎರಡಕ್ಷರ ಹಾಕಬೇಕೆಂಬುದು ಕಚೇರಿಯ ನಿಯಮ. ಒಂದು ದಿನ ನಲವತ್ತು ಹೆಸರುಗಳ ಪಟ್ಟಿ ಬಂತು. ಹದಿನೇಳನೆಯದು ಅವಳ ಅಣ್ಣನದು. ಟೈಪ್ ಮಾಡಿದಳು, ಕೆಳಗೆ ಎರಡಕ್ಷರವನ್ನೂ ಹಾಕಿದಳು. ಮರುದಿನ ಬೆಳಗ್ಗೆ ನಲವತ್ತು ಜನರನ್ನೂ ಮನೆಗಳಿಂದ ಎಳೆತಂದು ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದರು.

ಸೈನ್ಯ ಓಡಿದ ಮೇಲೆ ಆ ಪಟ್ಟಿ ಸಿಕ್ಕಿತು. ಊರ ಬಾಯಿಗೆ ಎರಡಕ್ಷರ ಸಾಕಾಯಿತು. ಮುಂದೆ ಅವಳಿಗೆ ಯಾರೂ ಟೈಪಿಂಗ್ ಕೆಲಸ ಕೊಡಲಿಲ್ಲ. ಮೂವತ್ತೆರಡು ವರ್ಷ ಸಾಬೂನಿನ ಕಾರ್ಖಾನೆಯಲ್ಲಿ ಬಿಲ್ಲೆಗಳಿಗೆ ಕಾಗದ ಸುತ್ತಿದಳು.

*

ಮಣ್ಣು ಮುಚ್ಚಿದ ಮೇಲೆ ಹೊತ್ತವರೆಲ್ಲ ಹೊರಟರು. ಕೋಲೂರಿಕೊಂಡು ದೂರದಲ್ಲಿ ನಿಂತಿದ್ದ ಮುದುಕನೊಬ್ಬ ಆಗ ಹತ್ತಿರ ಬಂದ.

"ಅಣ್ಣನ ಮಗಳಲ್ವಾ ನೀವು? ನಿಮ್ಮತ್ತೆ ಆ ಸೈನ್ಯದ ವಿರುದ್ಧ ಇದ್ದ ನಮ್ಮ ಗುಪ್ತದಳದವರು. ಸೇರಿಸಿದ್ದು ನಾನೇ. ಆ ಕಚೇರೀಲಿ ಬಳಸಿದ, ಟೈಪಾದ ಅಕ್ಷರಗಳ ಅಚ್ಚು ಉಳಿದಿರೋ ಕಾರ್ಬನ್ ಹಾಳೆಗಳು ಅವರ ಕಾಲುಚೀಲದಲ್ಲಿ ಅಡಗಿ ದಿನಾ ಸಂಜೆ ನನ್ನ ಕೈ ಸೇರ್ತಿದ್ವು."

"ಆ ಪಟ್ಟೀದೂ?"

"ಅದೂ. ಹಿಂದಿನ ಸಂಜೇನೇ."

ಮುದುಕ ಕೋಲಿನ ತುದಿ ನೋಡಿದ. "ಯಾರಿಗೂ ಹೇಳಬೇಡ ಅಂತ ಆಜ್ಞೆ ಮಾಡ್ದೆ. ಪಟ್ಟಿಯವರು ತಪ್ಪಿಸ್ಕೊಂಡ್ರೆ ನಿಮ್ಮತ್ತೆ ಸಿಕ್ಕಿಬೀಳ್ತಿದ್ರು. ಅಂಥ ಜಾಗದಲ್ಲಿ ನಮಗೆ ಇನ್ನೊಬ್ಬರಿರಲಿಲ್ಲ. ಪಾಲಿಸಿದ್ರು."

"ಆಮೇಲಾದ್ರೂ ನೀವು ಬಾಯಿ ಬಿಡಬಹುದಿತ್ತು."

"ಬಿಟ್ಟಿದ್ರೆ ನಲವತ್ತು ಮನೆಯವರು ನನ್ನ ಕೊರಳಪಟ್ಟಿ ಹಿಡೀತಿದ್ರು."

ಮುದುಕ ಹಗುರಾಗಿ ಹೋದ. ಮಣ್ಣಾದವಳ ಮುಂದೆ ನಿಜ ಹೇಳಲು ಎದೆಗಾರಿಕೆ ಬೇಕಿಲ್ಲ. ಅಣ್ಣನ ಮಗಳು ಜೀವಮಾನವಿಡೀ ಆ ಅತ್ತೆಯನ್ನು ಕಂಡರೆ ಬೀದಿ ದಾಟಿ ಆಚೆ ಬದಿಗೆ ಹೋಗುತ್ತಿದ್ದಳು.

*

ಮನೆಯಲ್ಲಿ ಅಮ್ಮ ಕಿಟಕಿಯ ಬಳಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಮಗಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. "ಅವಳದೇನೂ ತಪ್ಪಿಲ್ಲಮ್ಮಾ. ಆಜ್ಞೆ ಅಂತ ಸುಮ್ನಿದ್ಲಂತೆ."

"ಸುಮ್ನಿರ್ಲಿಲ್ಲ," ಎಂದಳು ಅಮ್ಮ. ಸೂಜಿ ನಿಂತಿತ್ತು. "ಬಂದಿದ್ಲು."

"ಎಲ್ಲಿಗೆ?"

"ಇಲ್ಲಿಗೇ. ಅವತ್ತು ಸಂಜೆ. ನಿಮ್ಮಪ್ಪ ಒಳಗೆ ನಿನ್ನ ಮಲಗಿಸ್ತಿದ್ರು. 'ಅತ್ತಿಗೆ, ಅಣ್ಣನ್ನ ಈಗ್ಲೇ ಊರು ಬಿಡಿಸಿ' ಅಂದ್ಲು. ಆ ಸೈನ್ಯದ ಅನ್ನ ತಿನ್ನೋಳು ನನ್ನ ಹೊಸಿಲು ತುಳೀಬೇಡ ಅಂದೆ. ಮುಖದ ಮೇಲೆ ಬಾಗಿಲು ಹಾಕ್ದೆ. ಯಾರದು ಅಂತ ನಿಮ್ಮಪ್ಪ ಕೇಳಿದ್ರು. ಯಾರೂ ಇಲ್ಲ ಅಂದೆ."

"ಇಷ್ಟು ವರ್ಷ ನನಗೆ..."

"ಅವಳೂ ಹೇಳ್ಲಿಲ್ಲವಲ್ಲ. ಎದುರಾದ್ರೆ ತಲೆ ತಗ್ಗಿಸ್ಕೊಂಡು ಹೋಗ್ತಿದ್ಲು, ತಪ್ಪು ತನ್ನದೇ ಅನ್ನೋ ಹಾಗೆ. ನನಗೂ ಅಭ್ಯಾಸ ಆಗೋಯ್ತು."

ಮಗಳು ಕೋಟಿನ ಗುಂಡಿ ಹಾಕಿಕೊಂಡು ಬಾಗಿಲಿಗೆ ನಡೆದಳು.

"ಬಾಗಿಲು ಎಳ್ಕೊಂಡು ಹೋಗು. ಚಳಿ," ಎಂದಳು ಅಮ್ಮ.

ಅವಳು ಎಳೆಯಲಿಲ್ಲ. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಅಮ್ಮ ಹೊಸಿಲಿಗೆ ಬಂದಿದ್ದಳು. ಒಂದು ಕೈಯಲ್ಲಿ ಕದ ಹಿಡಿದುಕೊಂಡು, ಮುಚ್ಚದೆ, ಹೊರಗೂ ಕಾಲಿಡದೆ ನಿಂತೇ ಇದ್ದಳು.