ಮುಚ್ಚಳದ ಕೆಳಗಿನ ಬೋಲ್ಟು

ಚಹಾಕ್ಕೆ ನೀರಿಟ್ಟು, ಅದು ಕುದಿಯುವಷ್ಟರಲ್ಲಿ ಕೆಲಸದ ಚೀಲ ಒರೆಸಿಡೋಣವೆಂದು ಅವನು ಅಡುಗೆಮನೆಯ ನೆಲದ ಮೇಲೇ ಕೂತ. ಸ್ಪ್ಯಾನರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿದ. ಎಲ್ಲವೂ ಇದ್ದವು, ಉದ್ದನೆಯ ಬೋಲ್ಟೊಂದು ಬಿಟ್ಟು.

ಚೀಲವನ್ನು ತಲೆಕೆಳಗು ಮಾಡಿ ಕೊಡವಿದ. ಸ್ವಲ್ಪ ತುಕ್ಕಿನ ಪುಡಿ ಬಿತ್ತು.

ಅವನದು ವಾಲ್ವ್ ರಿಪೇರಿಯ ಕೆಲಸ. ಅಂದು ಬೆಳಗ್ಗೆ ಮೇಸ್ತ್ರಿಯ ಜೊತೆ ಊರಾಚೆಯ ದೊಡ್ಡ ಲಾಂಡ್ರಿಗೆ ಹೋಗಿದ್ದ. ಅಲ್ಲಿನ ಬಾಯ್ಲರಿಗೆ ಹೊಸ ಕೊಳವೆ ಹಾಕಿದ್ದರು. ಅದು ಸೋರುತ್ತದೆಯೇ ಎಂದು ತಿಳಿಯಲು ನೀರು ತುಂಬಿ, ಮಾಮೂಲಿಗಿಂತ ಹೆಚ್ಚು ಒತ್ತಡ ಕೊಡಬೇಕು. ಆಗ ಸೇಫ್ಟಿ ವಾಲ್ವ್ ತೆರೆದುಕೊಳ್ಳದಂತೆ ಅದರ ತಲೆಯ ಮೇಲೆ ಒಂದು ಉದ್ದನೆಯ ಬೋಲ್ಟು ಬಿಗಿಯುತ್ತಾರೆ. ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆದು ಮುಚ್ಚಳ ಹಾಕಬೇಕು. ಮರೆತರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಉಗಿ ಹೆಚ್ಚಾದಾಗ ಹೊರಹೋಗುವ ದಾರಿ ಮಾತ್ರ ಇರುವುದಿಲ್ಲ.

ತೆಗೆದಿದ್ದೆನೆ?

ಮುಚ್ಚಳ ಹಾಕಿದ್ದು ನೆನಪಿತ್ತು. ಬಿಚ್ಚಿ ಇನ್ನೊಮ್ಮೆ ನೋಡಬೇಕೆನಿಸಿದ್ದೂ ನೆನಪಿತ್ತು. ಅಷ್ಟರಲ್ಲಿ ಮೇಸ್ತ್ರಿ ಕೆಳಗಿನಿಂದ, "ಏಯ್ ಎರಡ್ಸಲ, ಇಳಿಯೋ ಕೆಳಗೆ! ಏಣಿ ಮೇಲೇ ಸಂಸಾರ ಹೂಡ್ತೀಯಾ?" ಎಂದು ಕೂಗಿದ್ದರು. ಬಾಯ್ಲರ್ ನೋಡಿಕೊಳ್ಳುವವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಎಲ್ಲವನ್ನೂ ಎರಡೆರಡು ಸಲ ನೋಡುವವನೆಂದು ಅವನಿಗೆ ಬಿದ್ದ ಹೆಸರು ಅದು. ನಾಚಿಕೆಯಾಗಿ ಇಳಿದುಬಿಟ್ಟಿದ್ದ.

ಆ ಲಾಂಡ್ರಿಯಲ್ಲೇ ಅವನ ಹೆಂಡತಿಗೆ ಇಸ್ತ್ರಿ ಯಂತ್ರದ ಕೆಲಸ. ಸಂಜೆಯ ಪಾಳಿಗೆ ಆಗಲೇ ಹೊರಟುಹೋಗಿದ್ದಳು.

ಮೇಸ್ತ್ರಿಗೆ ಫೋನು ಮಾಡಿ, ಬೋಲ್ಟು ಕಾಣುತ್ತಿಲ್ಲವೆಂದ.

"ಶುರುವಾಯ್ತಾ ನಿಂದು?" ಎಂದರು ಮೇಸ್ತ್ರಿ. "ಬಣ್ಣದ ಕಾರ್ಖಾನೆಲೂ ನೀನು ಹಿಂಗೇ ಅಂದು ಕೆಲಸ ನಿಲ್ಲಿಸ್ದೆ. ಬಿಚ್ಚಿ ನೋಡಿದ್ರೆ ಏನೂ ಇಲ್ಲ. ಆಮೇಲೆ ಅವರು ನಮ್ಮನ್ನ ಕರೆದ್ರಾ? ನಮ್ಮ ಕೈ ಮೇಲೆ ನಮಗೇ ನಂಬಿಕೆ ಇಲ್ಲ ಅಂದ್ರೆ ಗಿರಾಕಿ ಯಾಕಪ್ಪಾ ನಂಬ್ತಾನೆ? ಊಟ ಮಾಡಿ ಮಲ್ಕೋ."

ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ಅವನನ್ನು ಇನ್ನಷ್ಟು ಕಾಡಿತು. ಕೂತ, ಎದ್ದ, ಕಿಟಕಿಯ ಬಳಿಗೆ ಹೋಗಿ ಬಂದ. ನೀರು ಕುದಿದು ಪಾತ್ರೆಯ ತಳ ಸೀದ ವಾಸನೆ ಬಂದಾಗಲೇ ಎಚ್ಚರ.

ಪಾಠ ಓದುತ್ತಿದ್ದ ಮಗಳು ಒಲೆ ಆರಿಸಿ, "ಹೋಗಿ ಬಾಪ್ಪಾ, ಇಲ್ಲೇ ಸುತ್ತಿ ಸುತ್ತಿ ನನ್ ತಲೆ ಸುತ್ತಿಸ್ಬೇಡ. ಬಾಗ್ಲು ನಾನ್ ಹಾಕ್ಕೋತೀನಿ. ಬೇಕಾದ್ರೆ ಎರಡ್ಸಲ ನೋಡ್ತೀನಿ," ಎಂದಳು.

ಲಾಂಡ್ರಿಯ ಹಿಂಬಾಗಿಲಿಗೆ ಬರುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಬಾಯ್ಲರ್ ಕೋಣೆಯಲ್ಲಿ ಬೆಂಕಿ ಭೋರೆನ್ನುತ್ತಿತ್ತು. ಒತ್ತಡದ ಮೀಟರಿನ ಮುಳ್ಳು ಅರ್ಧ ದಾಟಿ ಮೇಲೇರುತ್ತಿತ್ತು.

"ಬೆಂಕಿ ಆರಿಸಣ್ಣಾ. ಒತ್ತಡ ಇಳೀಲಿ. ಸೇಫ್ಟಿ ವಾಲ್ವ್ ಮುಚ್ಚಳ ತೆಗೀಬೇಕು. ಬೋಲ್ಟು ಒಳಗೇ ಉಳ್ದಿದ್ಯೋ ಏನೋ."

ಬಾಯ್ಲರಿನವನ ಮುಖ ಕಪ್ಪಿಟ್ಟಿತು. "ತಮಾಷೆನಾ? ಆಸ್ಪತ್ರೆ ಹಾಸಿಗೆ ಬಟ್ಟೆ ಬೆಟ್ಟದಂಗೆ ಬಿದ್ದಿದೆ. ಅಲ್ಲಿ ರೋಗಿಗಳು ಬರೀ ಹಾಸಿಗೆ ಮೇಲೆ ಮಲಗ್ಬೇಕಾ? ಮ್ಯಾನೇಜರ್‌ಗೆ ಉತ್ತರ ಕೊಡೋನು ನಾನು."

"ನನ್ ಹೆಸ್ರು ಹೇಳು."

"ಯಾವ ಹೆಸ್ರು? ಎರಡ್ಸಲ ಅಂತ್ಲಾ?"

ಅವನು ಏಣಿಯ ಬುಡದಲ್ಲಿ ನಿಂತೇ ಇದ್ದ. ಬಾಯ್ಲರಿನವನು ಗೊಣಗುತ್ತ ಬೆಂಕಿ ಆರಿಸಿದ.

ಒಳಗೆ ಯಂತ್ರಗಳು ಒಂದೊಂದಾಗಿ ನಿಂತವು. ಬೋಲ್ಟಿನ ಸುದ್ದಿ ಕೇಳಿ ಕೆಲಸದವರು ಬಾಗಿಲಲ್ಲಿ ಗುಂಪುಗೂಡಿದರು. ಅವರ ನಡುವಿನಿಂದ ಅವನ ಹೆಂಡತಿ ಬಂದಳು.

"ಏನ್ರೀ ಇದು? ಮನೇಲಿ ಬೀಗ ಎಳೆದೆಳೆದು ನೋಡೋದು ಸಾಲ್ದು ಅಂತ ಇಲ್ಲಿಗೂ ಬಂದ್ರಾ?" ಎಂದಳು ತಗ್ಗಿದ ದನಿಯಲ್ಲಿ. ಅವನ ಮುಖ ನೋಡಿದವಳು ಏಣಿಯ ಪಕ್ಕಕ್ಕೆ ಬಂದು ನಿಂತಳು.

ಮುಳ್ಳು ಪೂರ್ತಿ ಕೆಳಗಿಳಿದ ಮೇಲೆ ಅವನು ಏಣಿ ಹತ್ತಿದ. ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿದು ಒಳಗೆ ಬಗ್ಗಿ ನೋಡಿದ.

ಬೋಲ್ಟು ಇರಲಿಲ್ಲ. ವಾಲ್ವ್ ಸರಿಯಾಗಿಯೇ ಇತ್ತು.

"ಇಲ್ಲ," ಎಂದ.

"ಇಲ್ವಂತೆ!" ಬಾಯ್ಲರಿನವನು ಎಲ್ಲರ ಕಡೆ ತಿರುಗಿ ಕೈಯಾಡಿಸಿದ. "ಇಷ್ಟು ಮಂದೀನ ನಿಲ್ಲಿಸಿ ಮಹಾರಾಯ್ರು ಗಾಳಿ ನೋಡಿದ್ರು!" ಗುಂಪಿನಲ್ಲಿ ನಗು ಎದ್ದಿತು.

"ನಗೋರು ನಗ್ರಪ್ಪಾ," ಎಂದಳು ಹೆಂಡತಿ. ಅವಳ ಮುಖ ಕೆಂಪಾಗಿತ್ತು. "ಈ ಗೋಡೆ ಆಚೆ ದಿನಾ ನಿಲ್ಲೋಳು ನಾನು. ಬೋಲ್ಟು ಇದ್ದು ಇವ್ರು ಬರ್ದೇ ಹೋಗಿದ್ರೆ ನಗೋಕೆ ಯಾರಿರ್ತಿದ್ರಿ?"

ಅಷ್ಟರಲ್ಲಿ ಅವನ ಫೋನು ಮೊಳಗಿತು. ಏಣಿಯ ಮೇಲಿಂದಲೇ ತೆಗೆದುಕೊಂಡ. ಮೇಸ್ತ್ರಿ. ಕೋಣೆಯ ಮೌನದಲ್ಲಿ ಅವರ ಗಡಸು ದನಿ ಕೆಳಗಿನವರಿಗೂ ಕೇಳಿಸಿತು.

"ಲೋ, ಬೋಲ್ಟು ನನ್ ಪ್ಯಾಂಟ್ ಜೇಬಲ್ಲಿದೆ. ಸ್ಪ್ಯಾನರ್ ಜೊತೆ ನೀನೇ ಕೆಳಗೆ ಕೊಟ್ಟಿರ್ಬೇಕು. ನೀನ್ ಫೋನ್ ಇಟ್ಟ ಮೇಲೆ ನಂಗೂ ಕೂರೋಕಾಗ್ಲಿಲ್ಲ ಕಣೋ. ಒಗೆಯೋಕೆ ಹಾಕಿದ್ ಬಟ್ಟೆ ಎಲ್ಲಾ ಎಳೆದಾಡ್ದೆ." ಆಮೇಲೆ ಕೇಳಿದರು: "ಎಲ್ಲಿದ್ದೀಯ?"

"ಏಣಿ ಮೇಲೆ."

"ಹೂಂ. ಹಂಗಾದ್ರೆ... ಸರಿಯಾಗಿ ನೋಡ್ಕೊಂಡೇ ಇಳಿ. ನಾನೇನೂ ಕೂಗಲ್ಲ."

ಅವನು ಮುಚ್ಚಳ ಕೈಗೆತ್ತಿಕೊಂಡ. ಕೆಳಗೆ ಬಾಯ್ಲರಿನವನು ಬೆಂಕಿ ಹೊತ್ತಿಸಲು ಕೈ ಚಾಚಿದವನು ಹಾಗೇ ನಿಂತ. ಬಾಗಿಲ ಕಡೆ ಒಮ್ಮೆ, ಗೋಡೆಯ ಕಡೆ ಒಮ್ಮೆ ನೋಡಿದ.

"ತಡಿ, ಹಾಕ್ಬೇಡ," ಎಂದ. "ಇಳಿ ಸ್ವಲ್ಪ. ಆ ಟಾರ್ಚ್ ಕೊಡು."

ಲುಂಗಿ ಮೇಲೆತ್ತಿ ಕಟ್ಟಿ, ದಪ್ಪ ದೇಹವನ್ನು ಏಣಿಯ ಮೇಲೆ ಎಳೆದುಕೊಂಡು ಹತ್ತಿದ. ಏದುಸಿರು ಬಿಡುತ್ತ ತುಂಬ ಹೊತ್ತು ಒಳಗೆ ಬಗ್ಗಿ ನೋಡಿದ. ಯಾರೂ ನಗಲಿಲ್ಲ.

"ಹೂಂ, ಇಲ್ಲ," ಎಂದ ಮೇಲಿನಿಂದ. "ನಾನೂ ನೋಡ್ದೆ. ಈಗ ಕೊಡು ಮುಚ್ಚಳ."