ಬಾಗಿಲಾಚೆಯ ಹಿತ್ತಾಳೆ ಲೋಟ

ಜಯರಾಮಪ್ಪ ಫೋಟೊ ತೆಗೆಯುವುದನ್ನು ಕಲಿಯಲು ಹೊರಟದ್ದು ಬಿಸಿಲಿನ ಆಸೆಗೆ. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ರಾಕ್ ಬರ್ಸ್ಟ್ ಆಗಿ, ನೆಲ ಗುಡುಗಿ ಬಂಡೆ ಕುಸಿದಾಗ ಏಳು ಗಂಟೆ ಕತ್ತಲಲ್ಲಿ ಸಿಕ್ಕಿಬಿದ್ದಿದ್ದ. ಆಚೆಯಿಂದ ಆರುಮುಗಂ ಮೇಸ್ತ್ರಿ ಕಲ್ಲಿನ ಮೇಲೆ ಸುತ್ತಿಗೆಯಿಂದ ಕುಟ್ಟುತ್ತಿದ್ದ, ಈಚೆಯಿಂದ ಇವನು. ಆ ಸದ್ದೇ ಅವನನ್ನು ಉಳಿಸಿತು. ಆಮೇಲೆ ಕೊಟ್ಟ ರಜೆ ಮುಗಿದು ಒಂದನೇ ತಾರೀಕು ಮತ್ತೆ ಇಳಿಯಬೇಕು. ಅಷ್ಟರೊಳಗೆ ಬೇರೆ ಕೆಲಸ ಸಿಕ್ಕರೆ ಸರಿ, ಇಲ್ಲವೆಂದರೆ ಅದೇ ಬಿಲ.

ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ಸ್ಟುಡಿಯೊ ಇಟ್ಟಿದ್ದ ಸೀನಪ್ಪನಿಗೆ ಒಬ್ಬ ಆಳು ಬೇಕಿತ್ತು. ಫೋಟೊ ಮೂಡುವ ಗಾಜಿನ ಪ್ಲೇಟು ತೊಳೆಯುವ ಮದ್ದುನೀರಿನ ವಾಸನೆಗೆ ಅವನಿಗೆ ಕೆಮ್ಮು ಹತ್ತಿತ್ತು.

“ಒಂದು ಗುಂಪು ಫೋಟೊ ನೀನೇ ತೆಗ್ದು, ನೀನೇ ತೊಳ್ದು ತೋರ್ಸಯ್ಯ. ಆಮೇಲೆ ಕೆಲ್ಸದ ಮಾತು.”

ಮುಕ್ಕಾಲಿಯ ಮೇಲೆ ನಿಂತ ಆ ದೊಡ್ಡ ಮರದ ಕ್ಯಾಮೆರಾ ಸುಲಭಕ್ಕೆ ಬಗ್ಗುವಂಥದ್ದಲ್ಲ. ಕರಿಬಟ್ಟೆ ಹೊದ್ದು ಹಿಂದಿನ ಮಸುಕು ಗಾಜನ್ನು ನೋಡಬೇಕು. ಅದರಲ್ಲಿ ಲೋಕವೆಲ್ಲ ತಲೆಕೆಳಗು. ಮೊದಲ ವಾರ ಬಟ್ಟೆ ಮೈಮೇಲೆ ಬಿದ್ದ ಕೂಡಲೇ ಉಸಿರು ಕಟ್ಟಿ ತಲೆ ಹೊರಗೆಳೆದುಕೊಳ್ಳುತ್ತಿದ್ದ.

“ಒಸ ಮದಲಗಿತ್ತಿ ಇಣುಕ್ದಂಗೆ ಇಣುಕ್ತೀಯಲ್ಲಯ್ಯಾ!” ಎಂದು ಸೀನಪ್ಪ ರೇಗಿಸಿದ.

ಗಾಜಿನ ಬೆಳಕನ್ನೇ ನೋಡುತ್ತ ಬಟ್ಟೆಯನ್ನು ಮರೆಯುವುದು ನಿಧಾನಕ್ಕೆ ಬಂತು. ಅಷ್ಟರಲ್ಲಿ ಆರುಮುಗಂ ಮೇಸ್ತ್ರಿ ನಿವೃತ್ತನಾದ. ಮಾರನೆಯ ದಿನವೇ ಸೇಲಂ ಕಡೆಯ ತನ್ನೂರಿಗೆ ಹೊರಡುವವನು. ಗಣಿಯ ಬಳಿಯ ಊರಿಗಾಂನ ಬಯಲಲ್ಲಿ ಅವನನ್ನೂ ಅವನ ತಂಡವನ್ನೂ ನಿಲ್ಲಿಸಿ ಜಯರಾಮಪ್ಪ ಪ್ಲೇಟು ತೂರಿಸಿ, ಲೆನ್ಸಿನ ಮುಚ್ಚಳ ತೆಗೆದು, ಎರಡು ಎಣಿಸಿ ಮುಚ್ಚಿದ. ಇರಲಿ ಎಂದು ಇನ್ನೊಂದು ಪ್ಲೇಟನ್ನೂ ತೆಗೆದ.

ಈಗ ತೊಳೆಯಬೇಕು. ಹೊಸ ಜಾತಿಯ ಪ್ಲೇಟು, ಬೆಳಕು ತಾಗಿದರೆ ಕೆಟ್ಟಿತು, ಕತ್ತಲಕೋಣೆಯ ಕೆಂಪು ದೀಪವೂ ಆಗದು. ಸೀನಪ್ಪ, “ನಾನು ಕರೆಯೋಗಂಟ ಬಾಗ್ಲು ತೆಗೀಬ್ಯಾಡ” ಎಂದು ಹೇಳಿ ಹೊರಗೆ ಗಡಿಯಾರ ಹಿಡಿದು ಕುಳಿತ. ಒಳಗೆ ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ಜಯರಾಮಪ್ಪ ಪ್ಲೇಟು ಮುಳುಗಿಸಿದ ಮದ್ದುನೀರಿನ ಟ್ರೇ ಅಲುಗಿಸುತ್ತ ನಿಂತ. ಇದ್ದಕ್ಕಿದ್ದಂತೆ ನೆಲ ಗುಡುಗಿತು, ಹಲಗೆಯ ಮೇಲಿನ ಸೀಸೆಗಳು ಗಲಗಲ ಎಂದವು.

ಬಾಗಿಲು ಒದ್ದುಕೊಂಡು ಬೀದಿಗೆ ಓಡಿದ. “ರಾಕ್ ಬರ್ಸ್ಟು! ಓಡ್ರೋ!”

ಟೀ ಅಂಗಡಿಯವರು ಬಿದ್ದು ಬಿದ್ದು ನಕ್ಕರು. ನೀವು ನಗಬೇಡಿ, ಹಾವು ಕಚ್ಚಿದವನಿಗೆ ಹಗ್ಗವೂ ಹಾವೇ.

“ಅದು ಗೂಡ್ಸ್ ಗಾಡಿ ಕಣಯ್ಯಾ!” ಸೀನಪ್ಪ ತಲೆ ಚಚ್ಚಿಕೊಂಡ. ಬೆಳಕು ಬಿದ್ದ ಪ್ಲೇಟು ಪೂರ್ತಿ ಕಪ್ಪಾಗಿತ್ತು. “ಇನ್ನೊಂದೈತೆ. ಅದೂ ಕೆಟ್ರೆ ಮೇಸ್ತ್ರಿ ಊರ್ಗೆ, ನೀನು ಗಣಿಗೆ.”

ಹೆಂಡತಿ ಕದಿರಮ್ಮ ಬುತ್ತಿ ತಂದಿದ್ದಳು. ಜಯರಾಮಪ್ಪ ಅವಳ ಹತ್ತಿರ ಹೋಗಿ, ಯಾರಿಗೂ ಕೇಳಿಸದಂತೆ, “ಆಚೆಯಿಂದ ಬಾಗ್ಲು ತಟ್ತಾ ಇರ್ತೀಯಾ?” ಎಂದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಗಿತ್ತು. ಅವಳು ಏಕೆಂದು ಕೇಳಲಿಲ್ಲ. ಮಜ್ಜಿಗೆಯ ಹಿತ್ತಾಳೆ ಲೋಟ ಖಾಲಿ ಮಾಡಿ, ಕತ್ತಲಕೋಣೆಯ ಬಾಗಿಲಿಗೆ ಒರಗಿ ಕುಳಿತಳು.

ಟಕ್, ಟಕ್.

ಒಳಗಿನಿಂದ ಅವನು ಟ್ರೇಯ ಅಂಚಿಗೆ ಉಗುರಿನಿಂದ ಉತ್ತರ ಕೊಟ್ಟ. ಮತ್ತೆ ಗಾಡಿ ಬಂತು. ನೆಲ ನಡುಗಿತು, ಕಾಲು ತಾನಾಗಿ ಬಾಗಿಲ ಕಡೆ ತಿರುಗಿತು. ಸೀಸೆಗಳ ಗಲಗಲದ ನಡುವೆಯೂ ಲೋಟದ ಸದ್ದು ನಿಲ್ಲಲಿಲ್ಲ. ಅವನೂ ಟ್ರೇ ಬಿಡಲಿಲ್ಲ.

ಪ್ಲೇಟನ್ನು ಬಿಸಿಲಿಗೆ ಹಿಡಿದಾಗ ಮೇಸ್ತ್ರಿಯೂ ಸೇರಿ ಇಪ್ಪತ್ತೆರಡು ಮುಖ, ಒಂದೂ ಅಲುಗಿರಲಿಲ್ಲ. ಜಯರಾಮಪ್ಪ ಅತ್ತೇಬಿಟ್ಟ. ಇನ್ನು ಗಣಿಯಿಲ್ಲ.

“ಭೇಷ್!” ಸೀನಪ್ಪ ಬೆನ್ನು ತಟ್ಟಿದ. “ಕೆಲ್ಸ ನಿಂದೇ. ಬಿಸ್ಲಲ್ಲಿ ನಿಂತು ಫೋಟೊ ತೆಗ್ಯೋದು ನಾನು ನೋಡ್ಕೊಂತೀನಿ, ಈ ಕೆಮ್ಮಿಗೆ ಅದೇ ವಾಸಿ. ನಾಳೆಯಿಂದ ಕತ್ಲೆಕೋಣೆ ಪೂರ್ತಿ ನಿಂದು.”

ಎತ್ತಿ ಹಿಡಿದಿದ್ದ ಪ್ಲೇಟು ಮೆಲ್ಲಗೆ ಕೆಳಗಿಳಿಯಿತು. ಜಯರಾಮಪ್ಪ ಬೀದಿಯ ಬಿಸಿಲು ನೋಡುತ್ತ ನಿಂತ.

ಕದಿರಮ್ಮ ಲೋಟವನ್ನು ಸೆರಗಿನಿಂದ ಒರೆಸಿ ಕೇಳಿದಳು: “ಅಂಗಾದ್ರೆ ಇದನ್ನ ಇಲ್ಲೇ ಮಡಗಿ ಓಗ್ಲಾ?”