ಉಪ್ಸಾರಿನ ಖಾರ

ಮಂಜುಳಮ್ಮನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಹಿಂದಿನ ತಿಂಗಳು ಬಂದ ಜ್ವರ ಇಳಿದರೂ ಮೂಗು ಸತ್ತಂತೆಯೇ ಉಳಿಯಿತು. ಬೇರೆಯವರಿಗಾದರೆ ಹೇಗೋ ನಡೆಯುತ್ತಿತ್ತು. ಅವಳು ಮೇಟಗಳ್ಳಿಯಲ್ಲಿ ಮುದ್ದೆ ಮೆಸ್ಸು ನಡೆಸುವವಳು.

ಮಧ್ಯಾಹ್ನವಾದರೆ ಫ್ಯಾಕ್ಟರಿಗಳಿಂದ ಅರ್ಧ ರಾಜ್ಯವೇ ಅಲ್ಲಿ ಉಣ್ಣಲು ಬರುತ್ತಿತ್ತು. ಹಾಸನದವರು ಬಸ್ಸಾರು ಕೇಳುತ್ತಿದ್ದರು. ರಾಯಚೂರಿನವರು ಮೊದಲ ದಿನ ಮುದ್ದೆಯನ್ನು ಅಗಿದು ನಗೆಪಾಟಲಾಗಿ, ಆಮೇಲೆ ನುಂಗುವುದು ಕಲಿತಿದ್ದರು. ಎಲ್ಲರನ್ನೂ ಹಿಡಿದಿಟ್ಟದ್ದು ಮಾತ್ರ ಉಪ್ಸಾರು: ಸೊಪ್ಪು ಕಾಳು ಬೇಯಿಸಿ ಬಸಿದ ಉಪ್ಪುನೀರು, ಅದಕ್ಕೆ ಕದಡಿಕೊಳ್ಳಲು ತಟ್ಟೆಯಂಚಿಗೆ ಒಂದುಂಡೆ ಖಾರ. ಮೆಣಸಿನಕಾಯಿ ಹದವಾಗಿ ಹುರಿದರೆ ಖಾರ, ಗಳಿಗೆ ಮೀರಿದರೆ ಕಹಿ. ಆ ಗಳಿಗೆಯನ್ನು ಅವಳಿಗೆ ಹೇಳುತ್ತಿದ್ದದ್ದು ಮೂಗು.

ಈಗ ತಟ್ಟೆಗಳಲ್ಲಿ ಖಾರ ಹಾಗೇ ಉಳಿಯತೊಡಗಿತು.

“ಸೀದೋಗ್ಯದೆ ಕಣವ್ವ,” ಎಂದರು ದಿನಾ ಉಣ್ಣುವ ಮುದುಕ ಕರಿಬಸವಯ್ಯ. “ಸೀದಿದ್ದು ನಮ್ಮನೇಲೇ ಬಿಟ್ಟಿ ಸಿಗ್ತದೆ.”

ಗಲ್ಲಾದ ಮೇಲೆ ಕೂರುವ ಮಗ ಮಹೇಶ್ ಪ್ಯಾಕೆಟ್ ಖಾರದಪುಡಿ ತಂದಿಟ್ಟ. “ಮೂಗಿಲ್ದೋರು ಒಲೆ ಮುಂದೆ ನಿಂತ್ರೆ ಇಷ್ಟೇಯ. ಇವತ್ತೂ ತಟ್ಟೇಲಿ ಖಾರ ಉಳುದ್ರೆ ನಾಳೆಯಿಂದ ಅಡುಗೆಯೋನು ಬತ್ತಾನೆ. ನೀನು ಗಲ್ಲಾ ನೋಡ್ಕೊಬುಡಮ್ಮ.”

“ಸುಮ್ನೆ ಕೂರೋ ಕೆಲ್ಸ ನಿಂಗೇ ಸರಿ ಕಣೋ,” ಎಂದು ಅವಳು ಒಳಗೆ ಹೋದಳು.

ಮೊದಲ ಬಾಣಲೆ ಕಪ್ಪಾಯಿತು. ಎರಡನೆಯದೂ ಕಪ್ಪಾಯಿತು. ಅದನ್ನು ಚೆಲ್ಲುವಾಗ ಹೊಳೆಯಿತು: ಕಪ್ಪಾಗುವ ಮುಂಚೆಯೇ ಕಣ್ಣು ಉರಿದಿತ್ತು, ಗಂಟಲು ಕೆರೆದಿತ್ತು. ಸತ್ತದ್ದು ವಾಸನೆ, ಘಾಟು ಸತ್ತಿರಲಿಲ್ಲ.

ಫ್ಯಾನು ಆರಿಸಿದಳು. ಕಿಟಕಿ ಮುಚ್ಚಿದಳು. ಬಾಣಲೆಯ ಮೇಲೆ ಮುಖ ಬಗ್ಗಿಸಿ ನಿಂತಳು. ಕಣ್ಣಲ್ಲಿ ನೀರು ಬಂತು, ತಡೆದಳು. ಎದೆಯಿಂದ ಕೆಮ್ಮು ಒತ್ತಿಕೊಂಡು ಬಂದ ಕ್ಷಣ ಬಾಣಲೆ ಇಳಿಸಿದಳು. ಮೆಣಸಿನಕಾಯಿ ಗರಿಗರಿಯಾಗಿ, ಕಡುಕೆಂಪಾಗಿತ್ತು.

ಹೊರಗೆ ಮೆಸ್ಸಿಗೆ ಮೆಸ್ಸೇ ಕೆಮ್ಮುತ್ತಿತ್ತು. ಮಹೇಶ್ ಗಲ್ಲಾ ಬಿಟ್ಟು ರಸ್ತೆಗೆ ಓಡಿದ್ದ.

“ಏನವ್ವ, ಊರನ್ನೇ ಓಡುಸ್ತೀಯಾ?” ಕರಿಬಸವಯ್ಯ ಪಂಚೆಯಲ್ಲಿ ಕಣ್ಣೊರೆಸಿಕೊಂಡರು.

“ಓಡೋದೋರ್ಗೆ ಮುದ್ದೆ ಇಲ್ಲ. ಕೂತ್ಕೊಳ್ಳಿ ಅಯ್ಯ.”

ಅವರು ಖಾರ ಕದಡಿ, ಮುದ್ದೆ ಮುರಿದು ಅದ್ದಿ ಒಂದು ತುತ್ತು ನುಂಗಿದರು. ಇನ್ನೊಂದು ನುಂಗಿದರು. ಆಮೇಲೆ ತಟ್ಟೆ ಮುಂದಕ್ಕೆ ತಳ್ಳಿದರು. “ಇನ್ನೊಂದುಂಡೆ ಖಾರ ಆಕು.”

ಬೆಂಚಿನುದ್ದಕ್ಕೂ ಅದೇ ಕೂಗು ಎದ್ದಿತು. ರಾಯಚೂರಿನವರು ಬೆರಳು ನೆಕ್ಕಿದರು. ಊಟದ ಹೊತ್ತು ಮುಗಿಯುವುದರೊಳಗೆ ರುಬ್ಬುಗುಂಡನ್ನೂ ಬಳಿದು ಬಡಿಸಿಯಾಗಿತ್ತು.

“ಅಡುಗೆಯೋನಿಗೆ ಬರ್ಬೇಡ ಅಂತ ಫೋನ್ ಮಾಡ್ಲಾ?” ಮಹೇಶ್ ಮೆಲ್ಲಗೆ ಕೇಳಿದ.

“ಬರೇಳು. ನನ್ನ ಕೈಕೆಳ್ಗೆ ಮುದ್ದೆ ತಿರುವಾಕೆ ಆಳು ಬೇಕು.”

ತಿಪ್ಪೆಗೆ ಹೋದದ್ದು ಎರಡು ಬಾಣಲೆ ಮೆಣಸಿನಕಾಯಿ. ಅದಕ್ಕೂ ಮುಂಚಿನ ದಿನಗಳಲ್ಲಿ ಸೀದ ಖಾರ ತಿಂದು ಬಿಟ್ಟುಹೋಗಿ, ತಿರುಗಿ ಬಾರದ ಗಿರಾಕಿಗಳು ಒಂಬತ್ತು ಮಂದಿ.